ಎಲೆಯ ಬೆನ್ನು ನೋಡುತ್ತಿದ್ದವರು

ಹೋದ ತಿಂಗಳು ಕಂಪ್ಲಿಯಿಂದ ಒಂದು ಕಾರ್ಡು ಬಂತು. ಬರೆದವನು ಒಂದು ಕಾಲಕ್ಕೆ ನನ್ನ ನೆರೆಯಲ್ಲಿದ್ದ ಮಾಸ್ತರರ ತಮ್ಮನ ಮಗ. ದೊಡ್ಡಪ್ಪ ತೀರಿಕೊಂಡರು, ನರಳಲಿಲ್ಲ, ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು ಎಂದು ಮೂರು ಸಾಲು. ಪತ್ರಿಕೆಯಲ್ಲಿ ಜೀವಮಾನ ಕಳೆದವನಿಗೆ ಸಾವಿನ ಸುದ್ದಿಯ ಅಚ್ಚು ಗೊತ್ತಿರುತ್ತದೆ: ಹೆಸರು, ವಯಸ್ಸು, ಹುದ್ದೆ, ಅಗಲಿದ ಬಂಧುಗಳು. ಆ ಅಚ್ಚಿನಲ್ಲಿ ಇವರನ್ನು ಕೂರಿಸಲು ಹೊರಟರೆ ಮೊದಲ ಪದದಲ್ಲೇ ತೊಡಕು. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದ ವರದಿಯಲ್ಲಿ ಒಮ್ಮೆ ಅವರ ಹೆಸರು ಹಾಕಿದ್ದಕ್ಕೆ, "ನನ್ನ ಹೆಸರು ತಗೊಂಡು ಓದೋರು ಏನು ಮಾಡ್ಯಾರು? ಪ್ರದರ್ಶನಕ್ಕ ಇಟ್ಟ ಗಿಡದ ಹೆಸರು ತಪ್ಪು ಹಾಕೀರಿ. ಅದನ್ನ ತಿದ್ರಿ" ಎಂದಿದ್ದರು. ಆದ್ದರಿಂದ ಇಲ್ಲಿಯೂ ಹೆಸರಿಲ್ಲ. ಊರಿನವರು ಕರೆಯುತ್ತಿದ್ದಂತೆ ಎಲೆ ಮಾಸ್ತರು ಎಂದರೆ ಸಾಕು.

ಅವರು ಹೊಸಪೇಟೆಯ ಹೈಸ್ಕೂಲಿನಲ್ಲಿ ಪ್ರಕೃತಿ ವಿಜ್ಞಾನ ಕಲಿಸುತ್ತಿದ್ದರು. ನಾನು ಆ ಭಾಗದ ಸುದ್ದಿಯನ್ನು ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದೆ. ನಮ್ಮಿಬ್ಬರ ಬಾಡಿಗೆ ಮನೆಗಳ ನಡುವೆ ಒಂದೇ ಗೋಡೆ, ಮುಂದೆ ಒಂದೇ ಕಟ್ಟೆ. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಅಣೆಕಟ್ಟಿನ ಮಾತು ಇನ್ನೂ ಕಾಗದದ ಮೇಲಿತ್ತು. ತುಂಗಭದ್ರೆಯ ನೀರು ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಲ್ಲೇ ಬಂದು ಬಾಳೆ, ಕಬ್ಬು, ವೀಳ್ಯದೆಲೆ ತೋಟಗಳಿಗೆ ಹರಿಯುತ್ತಿತ್ತು. ಸಂಡೂರಿನ ಗುಡ್ಡಗಳಿಂದ ಮ್ಯಾಂಗನೀಸ್ ಅದಿರು ಹೊತ್ತ ಎತ್ತಿನ ಗಾಡಿಗಳು ಸಾಲುಗಟ್ಟಿ ರೈಲ್ವೆ ಸ್ಟೇಷನ್ನಿಗೆ ಬರುತ್ತಿದ್ದವು. ದಾರಿಯ ಎರಡೂ ಬದಿಗೆ ಗಿಡ, ಗೋಡೆ, ಎಮ್ಮೆ ಎಲ್ಲದರ ಮೇಲೂ ಕರಿಧೂಳು ಕೂರುತ್ತಿತ್ತು. ಎಮ್ಮೆಯ ಮೇಲೆ ಮಾತ್ರ ಕಾಣುತ್ತಿರಲಿಲ್ಲ.

ಮಾಸ್ತರರು ಸಣಕಲು ಆಳು. ಬೇಸಿಗೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಒಂದು ಬೂದು ಕೋಟು ತೊಡುತ್ತಿದ್ದರು. ಎಡಜೇಬಿನಲ್ಲಿ ನಶ್ಯದ ಡಬ್ಬಿ ಇರುತ್ತಿತ್ತು. ಅವರಿಗೆ ನಶ್ಯದ ಚಟ ಇರಲಿಲ್ಲ. ಆ ಡಬ್ಬಿಯ ವಿಷಯ ಮುಂದೆ ಬರುತ್ತದೆ.

ತಾಂಬೂಲದ ತಟ್ಟೆ ಎದುರು ಬಂದರೆ ನಾವೆಲ್ಲ ಎಲೆ ತೆಗೆದುಕೊಂಡು, ತೊಡೆಗೆ ಒರೆಸಿ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರುತ್ತೇವೆ. ಅವರು ಎಲೆಯನ್ನು ಬೆಳಕಿಗೆ ಹಿಡಿದು, ತಿರುವಿ, ಅದರ ಬೆನ್ನನ್ನೇ ನೋಡುತ್ತ ಕೂರುತ್ತಿದ್ದರು. ಒಂದು ಮದುವೆಯ ಮನೆಯಲ್ಲಿ ಬೀಗರು ಇದನ್ನು ಕಂಡು ಎಲೆಯಲ್ಲಿ ದೋಷ ಹುಡುಕುತ್ತಿದ್ದಾರೆಂದು ತಿಳಿದು ಕಳವಳಗೊಂಡರು.

"ಎಲಿ ಚಲೋ ಇಲ್ಲೇನ್ರಿ ಮಾಸ್ತರ?"

"ಭಾಳ ಚಲೋ ಐತಿ. ನೀವು ಸುಣ್ಣ ಹಚ್ಚಾಕ ಹತ್ತೀರಲ್ಲ, ಅದು ಅದರ ಬಾಯಿ. ಮುಚ್ಚೂಕಿಂತ ಮೊದಲ ಒಮ್ಮೆ ನೋಡೂಣು ಅಂತ."

ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಅಡಿಕೆ ಅಗಿಯುತ್ತಲೇ ಹೇಳಿದರು: "ಅದು ನನ್ನ ಬಾಯಿಗೆ ಬರೋದು ಐತಿ. ಅದರ ಬಾಯಿ ತಗೊಂಡು ನನಗೇನಾಗಬೇಕು?"

ಮಾಸ್ತರರು ಇದಕ್ಕೆ ನಕ್ಕರು. ತಮ್ಮನ್ನು ಆಡಿಕೊಂಡ ಮಾತು ಸರಿಯಾಗಿದ್ದರೆ ಅದಕ್ಕೆ ಮೊದಲು ನಗುವವರು ಅವರೇ.

ಎಲೆಯ ಬೆನ್ನಿನ ಬಾಯಿ ಎಂದರೇನು ಎಂಬುದನ್ನು ನಾನು ಕಲಿತದ್ದು ನಮ್ಮ ಕಟ್ಟೆಯ ಮೇಲೆ, ಒಂದು ಭಾನುವಾರ. ಸೋಮವಾರದ ಪಾಠಕ್ಕೆ ತಯಾರಿ ನಡೆಸಿದ್ದರು. ಎದುರಿಗೆ ಎರಡು ಹಳೆಯ ಸೈಕಲ್ ಟ್ಯೂಬಿನ ತುಂಡುಗಳಿದ್ದವು. ಒಂದೊಂದರ ತುದಿಗಳನ್ನೂ ಬಿಗಿದು ಮುಚ್ಚಿ, ಎರಡನ್ನೂ ಅಕ್ಕಪಕ್ಕ ಇಟ್ಟು, ತುದಿಗೆ ತುದಿ ಸೇರಿಸಿ ಕಟ್ಟಿದ್ದರು. ಎರಡೂ ಒಂದಕ್ಕೊಂದು ತಾಗುವ ಒಳಬದಿಗೆ ಮಾತ್ರ ಉದ್ದಕ್ಕೂ ರಬ್ಬರಿನ ಪ್ಯಾಚು ಅಂಟಿಸಿದ್ದರು. ಒಂದು ಪಂಪು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು, "ಹೊಡೀರಿ" ಎಂದರು. ಗಾಳಿ ತುಂಬಿದಂತೆ ಪ್ಯಾಚಿಲ್ಲದ ಹೊರಬದಿ ಹಿಗ್ಗಿತು, ಪ್ಯಾಚಿದ್ದ ಒಳಬದಿ ಹಿಗ್ಗಲಾರದೆ ಬಾಗಿತು. ಎರಡು ತುಂಡುಗಳೂ ಬಿಲ್ಲಿನಂತೆ ಮಣಿದು ನಡುವೆ ಒಂದು ಸೀಳು ತೆರೆಯಿತು. ಗಾಳಿ ಬಿಟ್ಟರೆ ಎರಡೂ ಸಡಿಲಾಗಿ ಮತ್ತೆ ಕೂಡಿಕೊಂಡು ಮಲಗಿದವು.

"ಇಷ್ಟ. ಎಲಿ ಹಿಂದ ಇಂಥಾ ಬಾಯಿ ಲೆಕ್ಕ ಇಲ್ಲದಷ್ಟು ಅದಾವ. ಒಂದೊಂದಕ್ಕ ಎರಡೆರಡು ತುಟಿ. ಗಾಳಿ ಬದಲಿಗೆ ನೀರು ತುಂಬತೈತಿ, ಅಷ್ಟ ವ್ಯತ್ಯಾಸ."

ಪುಸ್ತಕಗಳು ಈ ಬಾಯಿಗೆ ಪತ್ರರಂಧ್ರ ಎಂದೂ, ತುಟಿಗಳಿಗೆ ಕಾವಲು ಕೋಶಗಳೆಂದೂ ಹೇಳುತ್ತವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಎಲೆಗೆ ಬೇಕಾದ ಗಾಳಿ ಈ ಬಾಯಿಂದಲೇ ಒಳಗೆ ಹೋಗಬೇಕು. ಬೇರಿನಿಂದ ಮೇಲೇರಿದ ನೀರು ಆವಿಯಾಗಿ ಹೊರಗೆ ಹೋಗುವುದೂ ಇದೇ ಬಾಯಿಂದ. ಬೆಳಗಿನ ಬೆಳಕಿಗೆ ತುಟಿಗಳಲ್ಲಿ ನೀರು ತುಂಬಿ ಬಾಯಿ ತೆರೆಯುತ್ತದೆ. ನೀರು ಸಾಲದಾದಾಗ ತುಟಿಗಳು ಸೋತು ಮುಚ್ಚಿಕೊಳ್ಳುತ್ತವೆ, ಒಳಗೆ ಉಳಿದ ನೀರು ಉಳಿಯುತ್ತದೆ. "ಉಣ್ಣಾಕ ಬಾಯಿ ತೆರೀಬೇಕು, ತೆರೆದ್ರ ಒಣಗ್ತೈತಿ. ಸಂಸಾರ ಅಂದ್ರ ಇದ" ಎನ್ನುತ್ತಿದ್ದರು. ಅವರು ಮದುವೆಯಾದವರಲ್ಲ. ಸಂಸಾರದ ಬಗ್ಗೆ ಅವರಿಗೆ ತಿಳಿದದ್ದೆಲ್ಲ ಎಲೆಯಿಂದ ತಿಳಿದದ್ದು ಎಂದು ಶಾಲೆಯ ಉಳಿದ ಮಾಸ್ತರರು ನಗುತ್ತಿದ್ದರು. ಸೈಕಲ್ ಅಂಗಡಿಯವನ ದೂರು ಬೇರೆ: "ಪಂಕ್ಚರ್ ಇಲ್ಲದ ಕಡಿ ಪ್ಯಾಚ್ ಹಚ್ಚಿಸಿದ ಗಿರಾಕಿ ಅಂದ್ರ ಇವರೊಬ್ಬರ ನೋಡ್ರಿ."

ಈಗ ಡಬ್ಬಿಯ ವಿಷಯ. ಅದರಲ್ಲಿ ಬೆರಳಗಲದ ನೀಲಿ ಕಾಗದದ ಚೂರುಗಳಿದ್ದವು. ಶಾಲೆಯ ಪ್ರಯೋಗಶಾಲೆಯ ಕೋಬಾಲ್ಟಿನ ಉಪ್ಪನ್ನು ನೀರಿಗೆ ಹಾಕಿ, ಅದರಲ್ಲಿ ಕಾಗದ ನೆನೆಸಿ, ಇದ್ದಿಲ ಒಲೆಯ ಮೇಲೆ ಒಣಗಿಸಿ ಅವರೇ ಮಾಡುತ್ತಿದ್ದರು. ಒಣಗಿದಾಗ ನೀಲಿ, ತೇವ ತಗುಲಿದರೆ ಗುಲಾಬಿ. ಡಬ್ಬಿಯೊಳಗೆ ತೇವ ಸೇರದಿರಲೆಂದು ಸುಟ್ಟ ಸುಣ್ಣದ ಹರಳನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟಿರುತ್ತಿದ್ದರು. ಈ ಚೂರನ್ನು ಎಲೆಯ ಬೆನ್ನಿಗೆ ಇಟ್ಟು, ಹೊರಗಿನ ಗಾಳಿ ತಾಗದಂತೆ ಎರಡು ಗಾಜಿನ ತುಂಡುಗಳ ನಡುವೆ ಹಿಡಿದರೆ, ಬಾಯಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗುತ್ತದೆ. ತೆರೆದಿದ್ದರೆ ಆವಿ ಬಂದು ಕಾಗದ ಬೇಗ ಗುಲಾಬಿಯಾಗುತ್ತದೆ, ಮುಚ್ಚಿದ್ದರೆ ನೀಲಿಯಾಗಿಯೇ ಉಳಿಯುತ್ತದೆ.

ಬಲಜೇಬಿನಲ್ಲಿ ಒಂದು ನೋಟುಬುಕ್ಕು. ಪ್ರತಿ ಪುಟದ ನಡುವೆ ಒಂದು ಗೆರೆ. ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು. ವಿದ್ಯಾರ್ಥಿಗಳೂ ಹಾಗೇ ಬರೆಯಬೇಕು. ಎಡಗಡೆಯಲ್ಲಿ 'ಗಿಡಕ್ಕೆ ಬಾಯಾರಿದೆ' ಎಂದು ಬರೆದವನಿಗೆ ಪುಸ್ತಕ ವಾಪಸು ಬರುತ್ತಿತ್ತು. "ಎಲಿ ಬಾಡೇತಿ ಅಂತ ಬರಿ. ಬಾಯಾರಿಕಿ ನಿನಗ ಹೇಳ್ತೇನು ಅದು?" ಒಂದು ಸಲ ಹಂಪಿಗೆ ಹೋದಾಗ ಬಂಡೆಯ ಸಂದಿಯ ಪಾಪಾಸುಕಳ್ಳಿಗೆ ನಡುಹಗಲಲ್ಲಿ ಕಾಗದ ಇಟ್ಟರು. ಎಷ್ಟು ಹೊತ್ತಾದರೂ ನೀಲಿ. ಕಳ್ಳಿ ಸತ್ತಿರಬೇಕು ಎಂದೆ. "ಬಲಕ್ಕ ಬರಕೋರಿ ಅದನ್ನ" ಎಂದರು. ಕಳ್ಳಿ ಬಿಸಿಲಿಗೆ ಅಂಜಿ ಹಗಲು ಬಾಯಿ ಮುಚ್ಚಿ, ಕತ್ತಲಾದ ಮೇಲೆ ತೆರೆಯುವ ಜಾತಿಯದಂತೆ. ಆಮೇಲೆ ಸುದ್ದಿ ಬರೆಯುವಾಗ ನನ್ನ ಹಾಳೆಯಲ್ಲೂ ಕಣ್ಣಿಗೆ ಕಾಣದ ಒಂದು ಗೆರೆ ಬಿದ್ದುಕೊಂಡಿತು. ಅದು ಬೀಳಲು ಕಾರಣ ಮಾತ್ರ ಕಳ್ಳಿಯಲ್ಲ, ಹುಲುಗಪ್ಪನ ಪ್ರಕರಣ.

ಹುಲುಗಪ್ಪ ನೀರುಗಂಟಿ. ಕಾಲುವೆಯ ತೂಬು ಎತ್ತಿ ಇಳಿಸಿ, ಯಾರ ಪಾಳಿಯ ದಿನ ಅವರ ತೋಟಕ್ಕೆ ನೀರು ಬಿಡುವುದು ಅವನ ಕೆಲಸ. ಅವನ ಅಪ್ಪ, ಅಜ್ಜ ಮಾಡಿದ್ದೂ ಅದೇ. ಆ ಕೆಲಸಕ್ಕೆಂದು ಬಿಟ್ಟಿದ್ದ ಒಂದು ಹೊಲವಿತ್ತು. ಕೆಲಸ ಹೋದರೆ ಹೊಲವೂ ಹೋಗುತ್ತದೆ. ಆ ವರ್ಷ ಬೇಸಿಗೆಯಲ್ಲಿ, ಸ್ಟೇಷನ್ ದಾರಿಯ ಪಕ್ಕದ ಎಲೆತೋಟದ ಯಜಮಾನ ವೀರಬಸಪ್ಪನವರು ಅವನ ಮೇಲೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ತಮ್ಮ ಪಾಳಿಯ ನೀರನ್ನು ಅವನು ಬೇರೆಯವರಿಗೆ ತಿರುಗಿಸಿದ್ದಾನೆ, ಅದರಿಂದ ಎಲೆ ಹಳದಿಯಾಗಿ ಸುಟ್ಟು ಉದುರುತ್ತಿದೆ, ಅವನನ್ನು ತೆಗೆಯಬೇಕು ಎಂದು. ವೀರಬಸಪ್ಪನವರು ಸುಳ್ಳು ಹೇಳುವ ಪೈಕಿಯಲ್ಲ. ಆದರೆ ತಿಂಗಳ ಹಿಂದೆ ಅವರು ಪಾಳಿ ಬಿಟ್ಟು ನೀರು ಕೇಳಿದಾಗ ಹುಲುಗಪ್ಪ ನಾಲ್ಕು ಜನರ ಮುಂದೆ ಆಗುವುದಿಲ್ಲ ಎಂದಿದ್ದ. ಆ ಮಾತಿನ ಸಿಟ್ಟು ತಮಗಿರುವಂತೆ ಅವನಿಗೂ ಇದೆ, ಅದಕ್ಕೇ ಹೀಗೆ ಮಾಡಿದ ಎಂದು ಅವರು ಮನಸಾರೆ ನಂಬಿದ್ದರು. ಊರೂ ನಂಬಿತು. ನಾನೂ ನಂಬಿದೆ.

'ನೀರುಗಂಟಿಯ ದ್ವೇಷ: ಎಲೆತೋಟ ನಾಶ' ಎಂಬ ತಲೆಬರಹದ ಸುದ್ದಿ ಬರೆದು ಲಕೋಟೆಗೆ ಹಾಕಿಟ್ಟೆ. ಮರುದಿನದ ಟಪಾಲಿಗೆ ಹೋಗಬೇಕು. ಸಂಜೆ ಕಟ್ಟೆಯ ಮೇಲೆ ಕೂತಿದ್ದ ಮಾಸ್ತರರಿಗೆ ಅದರ ಸಾರ ಹೇಳಿದೆ.

"ಯಾವ ಎಲಿ ಒಣಗ್ಯಾವ?" ಎಂದು ಕೇಳಿದರು. "ಮ್ಯಾಲಿನವೋ, ಕೆಳಗಿನವೋ?"

"ಅದು ಕೇಳಲಿಲ್ಲ."

"ಕೇಳೂದಲ್ರಿ, ನೋಡೂದು. ತೋಟಕ್ಕ ಹೋಗಿದ್ರೇನು?"

"ಇಲ್ಲ."

"ನಾಳಿ ಬೆಳಿಗ್ಗೆ ವಿಚಾರಣಿ ಐತಂತ. ಶಾಲಿ ಗಂಟಿಗೆ ಇನ್ನೂ ಟೈಮ್ ಇರ್ತೈತಿ. ಲಕೋಟಿ ಅಲ್ಲಿವರೆಗೂ ಇರಲಿ" ಎಂದು ಎದ್ದು ಒಳಗೆ ಹೋದರು.

ಬೆಳಿಗ್ಗೆ ನಾವು ಹೋದಾಗ ವಿಚಾರಣೆ ಮುಗಿಯುತ್ತ ಬಂದಿತ್ತು. ರೆವಿನ್ಯೂ ಇನ್‌ಸ್ಪೆಕ್ಟರು ತೋಟದ ಬೇಲಿಯ ಹೊರಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ವರದಿ ಬರೆಯುತ್ತಿದ್ದರು. ಒಳಗೆ ಅವರು ಕಾಲಿಟ್ಟಿರಲಿಲ್ಲ. ಕಾರಣ ಇಷ್ಟೇ. ಎಲೆತೋಟವನ್ನು ನಮ್ಮಲ್ಲಿ ದೇವರ ಕೋಣೆಯಂತೆ ಕಾಣುತ್ತಾರೆ. ಚಪ್ಪಲಿ ಮೆಟ್ಟಿ ಯಾರೂ ಒಳಗೆ ಹೋಗುವುದಿಲ್ಲ. ಇನ್‌ಸ್ಪೆಕ್ಟರು ಮೊಣಕಾಲಿನ ತನಕ ಲಾಡಿ ಬಿಗಿಯುವ ಬೂಟು ಹಾಕಿದ್ದರು. ಬಿಚ್ಚಲು ಒಂದು ಹೊತ್ತು, ಕಟ್ಟಲು ಒಂದು ಹೊತ್ತು. ಬೇಲಿಯಾಚೆಯಿಂದ ಹಳದಿ ಎಲೆ ಕಾಣುತ್ತಿತ್ತು. ಅಷ್ಟು ಸಾಕೆಂದು ಬರೆಯಲು ಕೂತಿದ್ದರು.

ಹುಲುಗಪ್ಪ ದೂರದಲ್ಲಿ ಸಲಿಕೆ ಕೆಳಗಿಟ್ಟು, ಹೆಗಲ ವಸ್ತ್ರ ಕೈಯಲ್ಲಿ ಹಿಡಿದು ನಿಂತಿದ್ದ. ಅವನನ್ನು ಕೇಳಬೇಕಾದ್ದನ್ನು ಕೇಳಿ ಮುಗಿದಿತ್ತು. ಅವನು ಹೇಳಿದ್ದು ಒಂದೇ ಮಾತು: ಎಲ್ಲ ಪಾಳಿಗೂ ನೀರು ಬಿಟ್ಟಿದ್ದೇನೆ. ಸಾಕ್ಷಿ ಯಾರು ಎಂದರೆ, ನೀರು ಬಿಡುವಾಗ ನನ್ನ ಜೊತೆ ಯಾರಿರುತ್ತಾರೆ ಎಂದಿದ್ದ.

ಮಾಸ್ತರರು ಚಪ್ಪಲಿ ಕಳಚಿ ಬೇಲಿಯ ಬಾಗಿಲಲ್ಲಿ ನಿಂತರು. "ವೀರಬಸಪ್ಪನವರ, ಒಳಗ ಬರಬಹುದೇನ್ರಿ?"

"ಬರ್ರಿ ಮಾಸ್ತರ. ಓದಿದವರು ನೋಡಿದ್ರ ಒಳ್ಳೇದ ಆತು. ಹೊಟ್ಟಿ ಉರೀತೈತಿ ನೋಡಿದ್ರ."

ನುಗ್ಗೆ ಗಿಡಗಳ ಆಸರೆಗೆ ಹಬ್ಬಿದ ಬಳ್ಳಿಗಳ ಸಾಲು. ಕಾಲಡಿ ತಂಪು. ಬಳ್ಳಿಗಳ ಕೆಳಗಿನ ಎಲೆಗಳು ನಿಜಕ್ಕೂ ಹಾಳಾಗಿದ್ದವು. ಕೆಲವು ಹಳದಿ, ಕೆಲವು ಅಂಚಿಗೆ ಬೆಂದಂತೆ ಕಪ್ಪು, ನೆಲದ ಮೇಲೆ ಉದುರಿದ ರಾಶಿ. ಮಾಸ್ತರರು ಒಂದು ಸಾಲಿನ ತುದಿಯ ತನಕ ಹೋಗಿ ಬಂದರು, ಇನ್ನೊಂದು ಸಾಲಿಗೆ ಹೋದರು. ಆಮೇಲೆ ಕೈ ಮೇಲೆತ್ತಿ ಎಟುಕುವಷ್ಟು ಎಟುಕಿ ಹಾಗೇ ನಿಂತರು. ಏನೆಂದು ನನಗೆ ಅರ್ಥವಾಗುವ ಮೊದಲೇ ಬೇಲಿಯ ಕಡೆ ತಿರುಗಿ ಕೂಗಿದರು.

"ಸಾಹೇಬ್ರ, ಇಲ್ಲೊಂದು ಗೆರಿ ಐತಿ. ಬೂಟು ಬಿಚ್ಚಿ ಬಂದು ನೋಡೂವಂಥ ಗೆರಿ."

"ಎಂಥಾ ಗೆರಿ?"

"ಕೈ ಎಟುಕೂ ಗೆರಿ."

ಇನ್‌ಸ್ಪೆಕ್ಟರು ಬೇಸರದಿಂದಲೇ ಲಾಡಿ ಬಿಚ್ಚಿದರು. ಒಳಗೆ ಬಂದ ಮೇಲೆ ಅವರಿಗೂ ಕಂಡಿತು. ಯಾವ ಬಳ್ಳಿ ನೋಡಿದರೂ, ನಿಂತ ಮನುಷ್ಯನ ಕೈ ತಲುಪುವ ಎತ್ತರದವರೆಗೆ ಎಲೆ ಹಾಳು. ಅದರ ಮೇಲೆ, ಏಣಿ ಹಾಕಿ ಕೊಯ್ಯಬೇಕಾದ ಎತ್ತರದಲ್ಲಿ, ಒಂದೇ ಸಮನೆ ಹಸಿರು. ಯಾರೋ ದಾರ ಹಿಡಿದು ಗೆರೆ ಹಾಕಿದಂತಿತ್ತು.

"ನೀರಿಗೆ ಕೈ ಇಲ್ರಿ" ಎಂದರು ಮಾಸ್ತರರು. ಹಾಳಾದ ಒಂದು ಎಲೆಯ ಬೆನ್ನನ್ನು ಹೆಬ್ಬೆರಳಿನಿಂದ ಉಜ್ಜಿ ಮೂಸಿದರು. ಇನ್‌ಸ್ಪೆಕ್ಟರ ಮೂಗಿನ ಹತ್ತಿರವೂ ಹಿಡಿದರು.

"ಕುಸುಬಿ ಎಣ್ಣಿ" ಎಂದರು ಇನ್‌ಸ್ಪೆಕ್ಟರು.

ವೀರಬಸಪ್ಪನವರು ತಾವೂ ಒಂದು ಎಲೆ ಕಿತ್ತು ಮೂಸಿದರು. ಉತ್ತರ ಬಂದದ್ದು ಬಾಗಿಲ ಕಡೆಯಿಂದ. ಅವರ ತಾಯಿ ಎಲ್ಲರಿಗೂ ಮಜ್ಜಿಗೆ ತಂದು ಅಲ್ಲಿ ನಿಂತಿದ್ದರು.

"ನಾನ ಹಚ್ಚಸೀನಿ. ಸಂಡೂರ ಗಾಡಿ ಕರಿಧೂಳು ಕುಂತು ಕುಂತು ಎಲಿ ಮಾರಿ ಕಾಣಲಾರದಂಗ ಆಗಿತ್ತು. ನೀರಿಗೆ ಹೋಗವಲ್ದು. ಆಳಿನ ಹೆಣಮಕ್ಕಳನ್ನ ಕರಕೊಂಡು ಎಣ್ಣಿ ಅರಿವಿಲೆ ಎರಡೂ ಕಡಿ ಒರಸಿಸಿದೆ. ಕೂಸಿಗೆ ಎಣ್ಣಿ ಹಚ್ಚಂಗ. ತಂಪಲ್ಲೇನು ಎಣ್ಣಿ?"

"ಅವ್ವ, ನೀ ನನಗ ಹೇಳಲೇ ಇಲ್ಲಲ್ಲ."

"ನೀ ಕೇಳಲೇ ಇಲ್ಲಲ್ಲೋ. ಎಲಿ ಹೋತು ಅಂದಕೂಡ್ಲೆ ಹುಲುಗ್ಯಾ ಹುಲುಗ್ಯಾ ಅಂತ ಕಚೇರಿಗೆ ಓಡಿದಿ."

ಮಾಸ್ತರರು ಆ ಮುದುಕಿಯ ಕಡೆ ತಿರುಗಿ, ಶಾಲೆಯಲ್ಲಿ ಹೇಳುವುದಕ್ಕಿಂತ ಮೆಲ್ಲಗೆ ಹೇಳಿದರು. ಎಲೆಯ ಬೆನ್ನಿನ ತುಂಬ ಸಣ್ಣ ಬಾಯಿಗಳಿವೆ, ಎಲೆ ಉಸಿರಾಡುವುದೂ ಬೆವರುವುದೂ ಅಲ್ಲಿಂದಲೇ, ಎಣ್ಣೆ ಆ ಬಾಯಿ ಕಟ್ಟಿತು. "ಉಸಿರಿಲ್ಲ, ಬೆವರಿಲ್ಲ. ಬಿಸಿಲಿಗೆ ಬೆಂದು ಹೋದ್ವು. ಕೂಸಿಗಾದ್ರ ಎಣ್ಣಿ ಹಚ್ಚಿ ಮ್ಯಾಲ ಬಿಸಿನೀರು ಹಾಕ್ತೀರಿ. ಇದಕ್ಕ ಹಾಕಲಿಲ್ಲ."

"ಹಂಗಾದ್ರ ಬಳ್ಳಿ ನಾನ ಕೊಂದಂಗಾತೇನು?"

"ಬಳ್ಳಿ ಎಲ್ಲಿ ಸತ್ತೈತಿ ಅಮ್ಮಾ? ಮ್ಯಾಲ ನೋಡ್ರಿ. ಹೊಸ ಎಲಿ ಬರ್ತಾವ. ಅವಕ್ಕ ಎಣ್ಣಿ ಬ್ಯಾಡ, ಅಷ್ಟ."

ಇಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಮುಗಿದಿರಲಿಲ್ಲ. ವೀರಬಸಪ್ಪನವರು ಹಟ ಹಿಡಿದರು. "ಎಣ್ಣಿ ಹಚ್ಚಿದ್ದು ಖರೆ. ಆದ್ರ ಅದರಿಂದ ಇವ ನೀರು ಬಿಟ್ಟಾನ ಅಂತ ಹೆಂಗಾತು? ಅದೂ ಆಗಿರಬಹುದು, ಇದೂ ಆಗಿರಬಹುದು."

ಮಾತಿನಲ್ಲಿ ತಪ್ಪಿರಲಿಲ್ಲ. ಇನ್‌ಸ್ಪೆಕ್ಟರೂ ತಲೆಯಾಡಿಸಿದರು. ದೂರದಲ್ಲಿ ಹುಲುಗಪ್ಪ ವಸ್ತ್ರವನ್ನು ಇನ್ನೊಂದು ಕೈಗೆ ಬದಲಿಸಿದ.

ಮಾಸ್ತರರು ಡಬ್ಬಿ ತೆಗೆದರು. ಮೊದಲು ಇನ್‌ಸ್ಪೆಕ್ಟರಿಗೆ ಒಂದು ಕಾಗದ ಕೊಟ್ಟು ಉಸಿರು ಬಿಡಿ ಎಂದರು. ಅವರು ಊದಿದರು, ನೀಲಿ ಹೋಗಿ ಗುಲಾಬಿಯಾಯಿತು. ಇನ್ನೊಂದನ್ನು ಕೆಳಗಿನ ಎಣ್ಣೆಯ ಎಲೆಯ ಬೆನ್ನಿಗೆ ಇಟ್ಟು ಗಾಜು ಹಿಡಿದು, ಗಟ್ಟಿಯಾಗಿ ನೂರು ಎಣಿಸಿದರು. ನೀಲಿ ನೀಲಿಯಾಗಿಯೇ ಇತ್ತು. ಆಮೇಲೆ ಏಣಿ ಕೇಳಿದರು. ಹುಲುಗಪ್ಪ ಏಣಿ ತರಲು ಎರಡು ಹೆಜ್ಜೆ ಇಟ್ಟ. "ಅವ ಮುಟ್ಟೂದು ಬ್ಯಾಡ" ಎಂದರು ವೀರಬಸಪ್ಪನವರು. "ಹೌದು, ಬ್ಯಾಡ" ಎಂದರು ಮಾಸ್ತರರೂ. ನಾನು ಏಣಿ ತಂದೆ. ಇನ್‌ಸ್ಪೆಕ್ಟರು ಹಿಡಿದುಕೊಂಡರು. ಐವತ್ತು ದಾಟಿದ ಮಾಸ್ತರರು ಧೋತರ ಎತ್ತಿ ಕಟ್ಟಿ, ಕೋಟಿನ ಸಮೇತ ಮೇಲೆ ಹತ್ತಿದರು.

ಮೇಲಿನ ಎಲೆಗೆ ಕಾಗದ ಇಟ್ಟು ಎಣಿ‌ಸತೊಡಗಿದರು. ಹತ್ತು. ಇಪ್ಪತ್ತು. ಕೆಳಗಿನಿಂದ ನಮಗೆ ಗಾಜಿನ ಹೊಳಪು ಮಾತ್ರ ಕಾಣುತ್ತಿತ್ತು. ಮೂವತ್ತು. ಅವರ ದನಿ ನಿಧಾನವಾಯಿತು. ನಲವತ್ತರ ಹತ್ತಿರ ನಿಂತಿತು.

"ಸಾಹೇಬ್ರ, ಇದನ್ನ ನೀವ ನೋಡ್ರಿ. ನಾ ಹೇಳೂದಿಲ್ಲ."

ಅವರು ಇಳಿದರು. ಇನ್‌ಸ್ಪೆಕ್ಟರು ಹತ್ತಿದರು. ಎಲೆಗೆ ಕ್ಲಿಪ್ಪು ಹಾಕಿ ಬಿಟ್ಟಿದ್ದ ಗಾಜನ್ನು ಬಗ್ಗಿ ನೋಡಿ, "ಗುಲಾಬಿ" ಎಂದರು.

ಮಾಸ್ತರರು ವೀರಬಸಪ್ಪನವರಿಗೆ ವಿವರಿಸಿದರು. ಬಾಯಿ ತೆರೆದಿದೆ ಎಂದರೆ ತುಟಿಯಲ್ಲಿ ನೀರಿದೆ. ಆ ನೀರು ಬೇರಿನಿಂದ ಹೊರಟು, ಈ ಬೆಂದ ಎಲೆಗಳನ್ನು ದಾಟಿಯೇ ಮೇಲೆ ಹೋಗಿದೆ. ವೀರಬಸಪ್ಪನವರು ಕೊನೆಯ ಮಾತು ಎಸೆದರು: "ಅರ್ಜಿ ಕೊಟ್ಟೀನಿ ಅಂತ ಹೆದರಿ ಈಗ ಬಿಟ್ಟಿದ್ದಾನು."

"ಹತ್ತಿ ನೋಡ್ರಿ ನೀವೂ. ನೀರು ತಪ್ಪಿದ್ರ ಬಳ್ಳಿಯ ಚಿಗುರು ತುದಿ ಮೊದಲ ಬಾಡ್ತೈತಿ. ಅಲ್ಲಿ ಒಂದು ಎಲಿ ಅಂಚೂ ಸುಟ್ಟಿಲ್ಲ. ಈ ತಿಂಗಳಾಗ ಬಂದ ಎಲಿ ಪೂರಾ ಅಗಲ ಅದಾವ. ನೀವ ಎಲಿ ಬೆಳಿಯೋರು, ನಾನಲ್ಲ. ಬಾಯಾರಿದ ಬಳ್ಳಿ ಅಂಥಾ ಎಲಿ ಬಿಡ್ತೈತೇನು? ನೀವ ಹೇಳ್ರಿ."

ವೀರಬಸಪ್ಪನವರು ಏಣಿ ಹತ್ತಿದರು. ಚಿಗುರೊಂದನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಹುಟ್ಟಿದಾಗಿನಿಂದ ಎಲೆ ಕಂಡ ಮನುಷ್ಯ. ಅಲ್ಲಿಂದಲೇ, ಯಾರ ಮುಖವನ್ನೂ ನೋಡದೆ, "ಇಲ್ಲ, ಬಿಡೂದಿಲ್ಲ" ಎಂದರು.

ಇನ್‌ಸ್ಪೆಕ್ಟರು ಬರೆದಿದ್ದ ಹಾಳೆಯನ್ನು ನಾಲ್ಕಾಗಿ ಹರಿದರು. ಹೊಸ ಹಾಳೆಯಲ್ಲಿ ಏನು ಬರೆಯಲಿ ಎಂಬಂತೆ ಮಾಸ್ತರರ ಕಡೆ ನೋಡಿದಾಗ, "ಕಂಡದ್ದು ಬರೀರಿ. ಎಲ್ಲಿ ಎಣ್ಣಿ ಐತಿ ಅಲ್ಲಿ ಎಲಿ ಹೋಗೇತಿ, ಎಲ್ಲಿ ಇಲ್ಲ ಅಲ್ಲಿ ಚಲೋ ಐತಿ. ಮುಂದಿಂದು ಓದಿದವರಿಗೆ ತಾನ ತಿಳೀತೈತಿ" ಎಂದರು.

ವೀರಬಸಪ್ಪನವರು ಇಳಿದು ಬಂದು ಹುಲುಗಪ್ಪನ ಎದುರು ನಿಂತರು. ಕ್ಷಮೆ ಕೇಳುವ ರೂಢಿ ಅವರ ಮನೆತನದಲ್ಲಿ ಇರಲಿಲ್ಲ. "ನನ್ನ ಪಾಳಿ ಯಾವತ್ತು?" ಎಂದರು.

"ಇವತ್ತ ಐತ್ರಿ ಧಣಿ. ಈಗಾಗಲೇ ತೂಬು ಎತ್ತಬೇಕಿತ್ತು. ವಿಚಾರಣಿ ಅಂದ್ರಂತ ನಿಂತೀನಿ."

"ಮುಗೀತಲ್ಲ ವಿಚಾರಣಿ. ಮಜ್ಜಿಗಿ ಕುಡಿದು ಹೋಗು."

ಮುದುಕಿ ತಂಬಿಗೆ ಹಿಡಿದು ಬಂದರು. ಹುಲುಗಪ್ಪ ಬೊಗಸೆ ಒಡ್ಡಿ ಒಂದೇ ಉಸಿರಿಗೆ ಕುಡಿದ. ವಸ್ತ್ರದಿಂದ ಬಾಯಿ ಒರೆಸಿಕೊಂಡವನು ಕಣ್ಣನ್ನೂ ಒರೆಸಿಕೊಂಡ. ಸಲಿಕೆ ಹೆಗಲಿಗೇರಿಸಿ ಕಾಲುವೆಯ ಕಡೆ ಓಡುನಡಿಗೆಯಲ್ಲಿ ಹೋದ. ನಾವು ಬೇಲಿ ದಾಟುವ ಹೊತ್ತಿಗೆ ಕೆಂಪು ನೀರು ಸಾಲಿಗೆ ನುಗ್ಗುತ್ತಿತ್ತು.

ನನ್ನ ಲಕೋಟೆಯ ಕಥೆ ಚಿಕ್ಕದು. ಹಳೆಯ ಸುದ್ದಿ ಹರಿದು ಹೊಸದು ಬರೆದೆ. ನೀರುಗಂಟಿ ಎಲ್ಲ ಪಾಳಿಗೂ ನೀರು ಬಿಟ್ಟಿದ್ದನೆಂದು ತಿಳಿದುಬಂದಿದೆ ಎಂದು. ಸಂಪಾದಕರು ಅಚ್ಚು ಮಾಡಲಿಲ್ಲ. ಒಬ್ಬ ತನ್ನ ಕೆಲಸ ಸರಿಯಾಗಿ ಮಾಡಿದ ಎಂಬುದು ಸುದ್ದಿಯಲ್ಲ ಎಂದು ಕಾಗದ ಬರೆದರು. ಪತ್ರಿಕೆಯ ಲೆಕ್ಕದಲ್ಲಿ ಅವರದು ಸರಿ. ಹರಿದ ಸುದ್ದಿ ಅಚ್ಚಾಗಲಿಲ್ಲವಲ್ಲ ಎಂದು ನೆನೆದಾಗ ಮಾತ್ರ, ಇಷ್ಟು ವರ್ಷಗಳ ಮೇಲೂ, ಎದೆ ಹಗುರಾಗುತ್ತದೆ.

ಆ ಬೆಳಿಗ್ಗೆ ತೋಟದಿಂದ ಹಿಂದಿರುಗುವಾಗ ನಾನು ಮಾಸ್ತರರನ್ನು ಕೇಳಿದೆ: "ಮ್ಯಾಲಿನ ಕಾಗದನೂ ನೀಲಿ ಉಳಿದಿದ್ರ ಏನು ಮಾಡ್ತಿದ್ರಿ?"

"ನೀಲಿ ಉಳೀತು ಅಂತ ಹೇಳ್ತಿದ್ದೆ."

ಸ್ವಲ್ಪ ದೂರ ನಡೆದು ಕಾಲುವೆಯ ಮೋರಿಯ ಗೋಡೆಯ ಮೇಲೆ ಕೂತರು. ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದರು. ಅವರನ್ನು ಹಾಗೆ ನಾನು ಅದೇ ಮೊದಲು ನೋಡಿದ್ದು.

"ನಿನ್ನೆ ಹುಲುಗಪ್ಪ ಮನಿಗೆ ಬಂದಿದ್ದ. ನನ್ನ ಪರ ಒಂದು ಮಾತು ಹೇಳ್ರಿ ಮಾಸ್ತರ ಅಂದ. ನಾ ಎಲಿ ಏನು ಹೇಳ್ತೈತೋ ಅದನ್ನ ಹೇಳ್ತೀನಿ ಅಂದೆ. ಸುಮ್ನ ಎದ್ದು ಹೋದ. ಹಂಗ್ಯಾಕ ಅಂದೆ, ಒಂದು ಧೈರ್ಯ ಹೇಳಿ ಕಳಿಸಬಾರದಿತ್ತೇನು ಅಂತ ಆಮ್ಯಾಲ ಅನ್ನ ಸೇರಲಿಲ್ಲ ನನಗ. ಏಣಿ ಮ್ಯಾಲ ಮೂವತ್ತು ಎಣಿಸೂತನ ಕಾಗದ ನೀಲಿನ ಇತ್ತು ನೋಡ್ರಿ."

ಶಾಲೆಯ ಮೊದಲ ಗಂಟೆ ದೂರದಿಂದ ಕೇಳಿಸಿತು. ಏಳುತ್ತಾರೆಂದು ಕಾದೆ. ಅವರು ಏಳಲಿಲ್ಲ.

"ಭಾಳ ಹಸಿವ್ಯಾಗೇತಿ" ಎಂದರು. "ಸ್ಟೇಷನ್ ಮುಂದಿನ ಹೋಟೆಲಿನಾಂವ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿರ್ತಾನೇನು?"

ಮಾಡಿದ್ದ. ಅವರು ಎರಡು ತಟ್ಟೆ ತಿಂದರು.